ಬೆಳಗಿನ ಜಾವ ನಿಲ್ಲುವ ಹಡಗು

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಸಂಜೆ ಹೊರಡುವ ದೊಡ್ಡ ಹಡಗೊಂದನ್ನು ಕಲ್ಪಿಸಿಕೊಳ್ಳಿ. ಹತ್ತಾರು ಅಂತಸ್ತು, ಎರಡು ಸಾವಿರದಷ್ಟು ಪ್ರಯಾಣಿಕರು, ಹೊಟ್ಟೆಯೊಳಗೆ ನೂರಾರು ಕಾರು, ಲಾರಿಗಳು. ಮರುದಿನ ಬೆಳಿಗ್ಗೆ ಅದು ಸ್ವೀಡನ್ನಿನ ಸ್ಟಾಕ್‌ಹೋಮ್ ಮುಟ್ಟಬೇಕು. ಆದರೆ ಬೆಳಗಿನ ಜಾವ, ಎಲ್ಲರೂ ಗಾಢ ನಿದ್ರೆಯಲ್ಲಿರುವಾಗ, ಅದು ನಡುದಾರಿಯ ದ್ವೀಪವೊಂದರ ಬಂದರಿಗೆ ಬಂದು ನಿಲ್ಲುತ್ತದೆ. ಇಳಿಯುವವರು ಬೆರಳೆಣಿಕೆಯಷ್ಟು, ಹತ್ತುವವರೂ ಅಷ್ಟೆ. ಸ್ವಲ್ಪ ಹೊತ್ತಿನಲ್ಲೇ ಹಗ್ಗ ಬಿಚ್ಚಿ ಹಡಗು ಮತ್ತೆ ಹೊರಡುತ್ತದೆ. ಮರುದಿನ ರಾತ್ರಿಯೂ ಹೀಗೆಯೇ, ವರ್ಷವಿಡೀ ಹೀಗೆಯೇ.

ಇಳಿಯುವವರೇ ಇಲ್ಲದ ಊರಿನಲ್ಲಿ ಇಷ್ಟು ದೊಡ್ಡ ಹಡಗು ಏಕೆ ನಿಲ್ಲಬೇಕು? ಇಂಧನ ತುಂಬಿಸಲೆಂದೋ, ಅಂಚೆ ಇಳಿಸಲೆಂದೋ ಎಂದು ನೀವು ಊಹಿಸಬಹುದು. ನಿಜವಾದ ಕಾರಣ ಬೇರೆ. ಅದು ತೆರಿಗೆ!

ಯುರೋಪಿನಲ್ಲಿ ನಾಲ್ಕು ದಿನ ರಜೆ ಕಳೆಯಲು ಕಡಲ ತೀರದ ನಗರ ಹುಡುಕುವವರು ಸಾಮಾನ್ಯವಾಗಿ ನೋಡುವುದು ಟಿಕೆಟ್ಟಿನ ದರವನ್ನು, ಹೊರಡುವ ವೇಳೆಯನ್ನು. ಅದು ತಪ್ಪೇನಲ್ಲ. ಆದರೆ ಅಲ್ಲಿನ ಹಡಗಿನ ಹಾದಿಗಳನ್ನು ಗಾಳಿ, ಅಲೆ, ದೂರಗಳಷ್ಟೇ ತೀರ್ಮಾನಿಸಿಲ್ಲ. ಸುಂಕದ ಕಾನೂನು, ರಾಜಕೀಯದ ಗಡಿ, ನಡೆದುಹೋದ ಒಂದು ದುರಂತ ಇವೂ ಸೇರಿ ತೀರ್ಮಾನಿಸಿವೆ. ಇವುಗಳನ್ನು ತಿಳಿದುಕೊಂಡರೆ ಹಾದಿ ಆರಿಸುವುದೂ ಸುಲಭ, ತಲುಪಿದ ಊರನ್ನು ನೋಡುವ ಕಣ್ಣೂ ಬೇರೆಯಾಗುತ್ತದೆ. ಬಾಲ್ಟಿಕ್ ಸಮುದ್ರದ ಮೂರು ರಾಜಧಾನಿಗಳು ಇದಕ್ಕೆ ಒಳ್ಳೆಯ ಉದಾಹರಣೆ.

ಮೂರು ನಗರ, ನಾಲ್ಕು ಹಾದಿ

ಫೆರಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಹಿನ್ನೀರು ದಾಟಿಸುವ ಲಾಂಚು. ಬಾಲ್ಟಿಕ್ ಫೆರಿ ಅಂಥದ್ದಲ್ಲ. ಮಲಗುವ ಕೋಣೆ, ಊಟದ ಮನೆ, ಅಂಗಡಿ ಬೀದಿ, ಸಂಗೀತದ ವೇದಿಕೆ ಎಲ್ಲವೂ ಇರುವ ತೇಲುವ ಹೋಟೆಲು ಅದು. ಹಾಗಿದ್ದೂ ಅದರ ಮೂಲ ಕೆಲಸ ನಮ್ಮ ಲಾಂಚಿನದೇ: ಜನವನ್ನೂ ವಾಹನವನ್ನೂ ಆಚೆ ದಡಕ್ಕೆ ಮುಟ್ಟಿಸುವುದು.

ಮುಖ್ಯ ಹಾದಿಗಳು ನಾಲ್ಕು. ಹೆಲ್ಸಿಂಕಿಯಿಂದ ಎಸ್ಟೋನಿಯದ ರಾಜಧಾನಿ ಟ್ಯಾಲಿನ್ನಿಗೆ ಸುಮಾರು 80 ಕಿ.ಮೀ.; ಎರಡು, ಎರಡೂವರೆ ಗಂಟೆಯ ಯಾನ. ದಿನಕ್ಕೆ ಹಲವಾರು ಹಡಗುಗಳಿವೆ. ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ ಮತ್ತು ಸ್ಟಾಕ್‌ಹೋಮ್‌ನಿಂದ ಟ್ಯಾಲಿನ್ನಿಗೆ ರಾತ್ರಿಯಿಡೀ ಪಯಣ. ಹತ್ತಿರ ಹತ್ತಿರ 16 ಗಂಟೆ. ನಾಲ್ಕನೆಯದು ಸ್ಟಾಕ್‌ಹೋಮ್‌ನಿಂದ ಫಿನ್ಲೆಂಡಿನ ಹಳೆಯ ನಗರ ಟುರ್ಕುವಿಗೆ ಹೋಗುವ ಸುಮಾರು 11 ಗಂಟೆಯ ಹಾದಿ. ಅಲ್ಲಿ ರಾತ್ರಿಯ ಯಾನವಷ್ಟೇ ಅಲ್ಲ, ಹಗಲಿನದೂ ಉಂಟು.

ಯಾವುದನ್ನು ಆರಿಸಬೇಕು? ಅದು ನಿಮಗೆ ಬೇಕಾದದ್ದು ಊರೋ ಕಡಲೋ ಎಂಬುದರ ಮೇಲಿದೆ. ಕಡಲನ್ನೇ ನೋಡಬೇಕೆನ್ನುವವರಿಗೆ ಟುರ್ಕುವಿನ ಹಗಲು ಹಾದಿಗೆ ಸಮನಾದದ್ದು ಇಲ್ಲ. ಎರಡೂ ತುದಿಯಲ್ಲಿ ಸಾವಿರಾರು ಪುಟ್ಟ ದ್ವೀಪಗಳು. ಸ್ಟಾಕ್‌ಹೋಮ್‌ನ ಹೊರಗಿನ ದ್ವೀಪಸಮೂಹವೊಂದರಲ್ಲೇ ದ್ವೀಪ, ಬಂಡೆಗಳೆಲ್ಲ ಸೇರಿ ಸುಮಾರು 30 ಸಾವಿರ ಇವೆಯೆಂದು ಲೆಕ್ಕ. ಕೆಂಪು ಬಣ್ಣದ ಮರದ ಮನೆಗಳು, ಪೈನ್ ಮರಗಳು, ಸ್ನಾನಕ್ಕಿಳಿದ ಮಕ್ಕಳು ಹಡಗಿನ ಪಕ್ಕದಲ್ಲೇ ಸರಿದುಹೋಗುತ್ತಾರೆ. ರಾತ್ರಿಯ ಹಾದಿ ಹಿಡಿದು ಸ್ಟಾಕ್‌ಹೋಮ್‌ಗೆ ಬರುವವರು ಕೂಡ ಕೊನೆಯ ಎರಡು ಮೂರು ಗಂಟೆ ಕೋಣೆಯಲ್ಲಿ ಮಲಗಿರದೆ ಮೇಲಿನ ಅಟ್ಟಕ್ಕೆ ಬಂದು ನಿಂತರೆ ಈ ನೋಟ ತಪ್ಪುವುದಿಲ್ಲ.

ಊರು ನೋಡಬೇಕೆನ್ನುವವರಿಗೆ ತ್ರಿಕೋನದ ಹಾದಿ ಒಳ್ಳೆಯದು. ಸ್ಟಾಕ್‌ಹೋಮ್‌ನಿಂದ ರಾತ್ರಿ ಹೆಲ್ಸಿಂಕಿಗೆ, ಅಲ್ಲಿಂದ ಎರಡು ಗಂಟೆಯಲ್ಲಿ ಟ್ಯಾಲಿನ್ನಿಗೆ, ಮತ್ತೆ ರಾತ್ರಿ ಸ್ಟಾಕ್‌ಹೋಮ್‌ಗೆ. ಎರಡು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ. ಶುಕ್ರವಾರ, ಶನಿವಾರದ ರಾತ್ರಿಗಳಲ್ಲಿ ಹಡಗು ಕುಣಿತ ಕುಡಿತಗಳ ಮೇಳವಾಗಿಬಿಡುವುದರಿಂದ ನಿದ್ರೆ ಬೇಕಾದವರು ವಾರದ ನಡುವಿನ ದಿನ ಆರಿಸುವುದು ಮೇಲು. ದರವೂ ಆಗ ಕಡಿಮೆ.

ಸುಂಕದ ಸೋಜಿಗ

ಈಗ ಬೆಳಗಿನ ಜಾವದ ನಿಲುಗಡೆಗೆ ಬರೋಣ. ಹಡಗು ನಿಲ್ಲುವುದು ಓಲಂಡ್ ದ್ವೀಪಗಳಲ್ಲಿ. ಬಂದರಿನ ಹೆಸರು ಮರಿಯೆಹಾಮ್. ದ್ವೀಪಗಳು ಫಿನ್ಲೆಂಡಿಗೆ ಸೇರಿದವು, ಜನರ ಮಾತು ಮಾತ್ರ ಸ್ವೀಡಿಷ್. ಇವು ಯಾರಿಗೆ ಸೇರಬೇಕೆಂಬ ವಿವಾದ 1921ರಲ್ಲಿ ಲೀಗ್ ಆಫ್ ನೇಷನ್ಸ್ ಮುಂದೆ ಬಂದಾಗ, ದ್ವೀಪಗಳು ಫಿನ್ಲೆಂಡಿಗೆ, ಭಾಷೆ ಮತ್ತು ಸ್ವಾಯತ್ತತೆ ದ್ವೀಪದವರಿಗೆ ಎಂದು ತೀರ್ಮಾನವಾಯಿತು. 1995ರಲ್ಲಿ ಫಿನ್ಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದಾಗ ಓಲಂಡ್ ಒಂದು ವಿಶೇಷ ಷರತ್ತಿನೊಂದಿಗೆ ಒಳಗೆ ಬಂತು: ಒಕ್ಕೂಟದ ಮೌಲ್ಯವರ್ಧಿತ ತೆರಿಗೆ ಮತ್ತು ಅಬಕಾರಿ ತೆರಿಗೆಗಳ ವ್ಯಾಪ್ತಿಯ ಹೊರಗೆ ಅದು ಉಳಿಯಬೇಕು.

ಆಗ ಇದರ ಮಹತ್ವ ಹೊರಗಿನವರಿಗೆ ಅಷ್ಟಾಗಿ ಹೊಳೆಯಲಿಲ್ಲ. 1999ರ ಜುಲೈ 1ರಂದು ಹೊಳೆಯಿತು. ಒಕ್ಕೂಟದ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ ಹಡಗು, ವಿಮಾನಗಳಲ್ಲಿ ಸುಂಕರಹಿತ ಮಾರಾಟ ಅಂದಿನಿಂದ ನಿಂತುಹೋಯಿತು. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಮದ್ಯದ ಮೇಲಿನ ತೆರಿಗೆ ಬಹಳ ಹೆಚ್ಚು. ಗಟ್ಟಿ ಮದ್ಯ ಸಿಗುವುದು ಸರ್ಕಾರದ ಏಕಸ್ವಾಮ್ಯದ ಅಂಗಡಿಗಳಲ್ಲಿ. ಆದ್ದರಿಂದ ಹಡಗಿನ ಸುಂಕರಹಿತ ಅಂಗಡಿಯೇ ಈ ಕಂಪನಿಗಳ ದೊಡ್ಡ ಆದಾಯವಾಗಿತ್ತು. ಆ ಅಂಗಡಿ ಮುಚ್ಚಿದರೆ ಟಿಕೆಟ್ ದರ ಏರಲೇಬೇಕು. ಉಪಾಯವೇನು? ಹಡಗು ತೆರಿಗೆ ವಲಯದ ಹೊರಗಿರುವ ಓಲಂಡನ್ನು ಒಮ್ಮೆ ಮುಟ್ಟಿ ಬಂದರೆ ಸಾಕು. ಕಾನೂನಿನ ಕಣ್ಣಿನಲ್ಲಿ ಅದು ಹೊರಗೆ ಹೋಗಿ ಬಂದಂತೆ. ಅಂಗಡಿ ತೆರೆದಿರಬಹುದು.

ನಡುರಾತ್ರಿಯ ಆ ನಿಲುಗಡೆಯ ಗುಟ್ಟು ಇಷ್ಟೇ. ಒಂದು ಹನಿ ಮದ್ಯ ಮುಟ್ಟದ ಪ್ರಯಾಣಿಕನ ಟಿಕೆಟ್ಟು ಅಗ್ಗವಾಗಿರುವುದರಲ್ಲೂ ಪಕ್ಕದ ಕೋಣೆಯವನ ಬಾಟಲಿಯ ಪಾಲಿದೆ ಎನ್ನಬೇಕು. ಹೋದ ಹಡಗಿನಲ್ಲೇ ಹಿಂದಿರುಗುವ 'ಕ್ರೂಸ್' ಟಿಕೆಟ್ಟು ಕೆಲವೊಮ್ಮೆ ಒಂದೇ ಕಡೆಯ ಟಿಕೆಟ್ಟಿಗಿಂತಲೂ ಅಗ್ಗವಾಗಿರುವುದಕ್ಕೆ ಕಾರಣವೂ ಇದೇ. ಆದರೆ ಎಚ್ಚರ: ಅಂಥ ಟಿಕೆಟ್ಟಿನಲ್ಲಿ ಊರು ನೋಡಲು ಸಿಗುವುದು ಕೆಲವೇ ಗಂಟೆ.

ಟಿಕೆಟ್ಟಿನಲ್ಲಿರುವ ಊರು, ಹಡಗು ನಿಲ್ಲುವ ಬಂದರು

ಫೆರಿಯ ಹಾದಿ ಆರಿಸುವಾಗ ಹೊಸಬರು ಎಡವುವುದು ಬಂದರಿನ ಹೆಸರಿನಲ್ಲಿ. ಜಾಹೀರಾತಿನಲ್ಲಿ ನಗರದ ಹೆಸರಿರುತ್ತದೆ, ಹಡಗು ನಿಲ್ಲುವುದು ಇನ್ನೆಲ್ಲೋ. ರೋಮ್‌ಗೆ ಹೋಗುವ ಫೆರಿ ಮುಟ್ಟುವುದು ಚಿವಿಟವೆಕಿಯ ಎಂಬ ಊರನ್ನು. ಅಲ್ಲಿಂದ ರೋಮ್‌ಗೆ ಮತ್ತೆ ರೈಲು ಹಿಡಿಯಬೇಕು. ಬಾಲ್ಟಿಕ್‌ನಲ್ಲೂ ಇದೇ ಕತೆ. ಕಾಪೆಲ್‌ಷೇರ್ ಎಂಬ ಬಂದರು ಸ್ಟಾಕ್‌ಹೋಮ್‌ನಿಂದ ಸುಮಾರು 90 ಕಿ.ಮೀ. ದೂರ. ಪಾಲ್ದಿಸ್ಕಿ ಬಂದರು ಟ್ಯಾಲಿನ್ನಿನಿಂದ ಸುಮಾರು 50 ಕಿ.ಮೀ. ಲಾರಿಯವರಿಗೆ ಇವು ಅನುಕೂಲ. ಕೈಯಲ್ಲಿ ಚೀಲ ಹಿಡಿದು ನಡೆಯುವವರಿಗಲ್ಲ.

ಟ್ಯಾಲಿನ್ನಿನ 'ಹಳೆಯ ನಗರ ಬಂದರು' ಈ ದೃಷ್ಟಿಯಿಂದ ಮಾದರಿ. ಹಡಗಿನಿಂದ ಇಳಿದು ಕಾಲು ಗಂಟೆ ನಡೆದರೆ ಕೋಟೆ ಬಾಗಿಲು. ಹೆಲ್ಸಿಂಕಿಯ ದಕ್ಷಿಣ ಬಂದರು ಕೂಡ ಮಾರುಕಟ್ಟೆ ಚೌಕದ ಪಕ್ಕದಲ್ಲೇ ಇದೆ. ಅಲ್ಲಿನ ಒಲಿಂಪಿಯ ಟರ್ಮಿನಲ್ 1952ರ ಒಲಿಂಪಿಕ್ಸ್‌ಗಾಗಿ ಕಟ್ಟಿದ್ದು. ಹೆಲ್ಸಿಂಕಿಯಲ್ಲಿ ಬಂದರುಗಳು ಒಂದಕ್ಕಿಂತ ಹೆಚ್ಚು ಇರುವುದರಿಂದ ಟಿಕೆಟ್ಟಿನಲ್ಲಿ ಯಾವುದೆಂದು ನೋಡಿಕೊಳ್ಳಲೇಬೇಕು. ಟ್ರಾಮ್ ಹಿಡಿದು ಇನ್ನೊಂದು ಟರ್ಮಿನಲ್ಲಿಗೆ ಓಡುವಷ್ಟರಲ್ಲಿ ಹಡಗು ದಡ ಬಿಟ್ಟಿರುತ್ತದೆ.

ಗಡಿಯಾರವೂ ಮೋಸ ಮಾಡಬಲ್ಲದು. ಫಿನ್ಲೆಂಡ್ ಮತ್ತು ಎಸ್ಟೋನಿಯದ ಹೊತ್ತು ಸ್ವೀಡನ್ನಿಗಿಂತ ಒಂದು ಗಂಟೆ ಮುಂದೆ. ಹಣವೂ ಬೇರೆ: ಫಿನ್ಲೆಂಡ್, ಎಸ್ಟೋನಿಯಗಳಲ್ಲಿ ಯೂರೊ, ಸ್ವೀಡನ್ನಿನಲ್ಲಿ ಕ್ರೋನ. ವೀಸಾ ಮಾತ್ರ ಒಂದೇ. ಮೂರೂ ಶೆಂಗೆನ್ ಒಪ್ಪಂದದ ದೇಶಗಳಾದ್ದರಿಂದ ಭಾರತದ ಪಾಸ್‌ಪೋರ್ಟ್ ಉಳ್ಳವರು, ಎಲ್ಲಿ ಹೆಚ್ಚು ದಿನ ತಂಗುತ್ತಾರೋ ಆ ದೇಶದ ಕಚೇರಿಯಲ್ಲಿ ಅರ್ಜಿ ಹಾಕಿದರೆ ಸಾಕು. ಆದರೆ ಹಡಗು ಹತ್ತುವಾಗ ಗುರುತು ತೋರಿಸಬೇಕಾಗುತ್ತದೆ. ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೊರಡಬಾರದು.

ಮುಚ್ಚಿಹೋಗಿದ್ದ ಕಡಲು

ಇಂದು ಹೆಲ್ಸಿಂಕಿಯ ಜನ ಬೆಳಿಗ್ಗೆ ಹೋಗಿ ಸಂಜೆ ಬರುವ ಟ್ಯಾಲಿನ್ನಿನ ಹಾದಿ ಒಂದು ಕಾಲದಲ್ಲಿ ಮುಚ್ಚಿಹೋಗಿತ್ತು ಎಂದರೆ ನಂಬುವುದು ಕಷ್ಟ. 1940ರಲ್ಲಿ ಸೋವಿಯತ್ ಒಕ್ಕೂಟ ಎಸ್ಟೋನಿಯವನ್ನು ಸೇರಿಸಿಕೊಂಡಿತು. ಯುದ್ಧ ಮುಗಿದ ಮೇಲೂ ಎರಡು ನಗರಗಳ ನಡುವೆ ಪ್ರಯಾಣಿಕರ ಹಡಗು ಓಡಲಿಲ್ಲ. ಎಸ್ಟೋನಿಯದ ತೀರವೆಲ್ಲ ಕಾವಲಿನ ಗಡಿ ಪ್ರದೇಶವಾಯಿತು. ಅಕ್ಕತಂಗಿಯರಂಥ ಎರಡು ಭಾಷೆಗಳನ್ನಾಡುವ ಜನ, ನಡುವೆ 80 ಕಿ.ಮೀ. ನೀರು, ದಾಟಲು ದೋಣಿಯಿಲ್ಲ.

1964ರಲ್ಲಿ ಫಿನ್ಲೆಂಡಿನ ಅಧ್ಯಕ್ಷ ಉರ್ಹೊ ಕೆಕ್ಕೊನೆನ್ ಎಸ್ಟೋನಿಯಕ್ಕೆ ಭೇಟಿಯಿತ್ತು, ಟಾರ್ಟು ವಿಶ್ವವಿದ್ಯಾಲಯದಲ್ಲಿ ಎಸ್ಟೋನಿಯನ್ ಭಾಷೆಯಲ್ಲೇ ಮಾತನಾಡಿದರು. ಮರುವರ್ಷ, 1965ರಲ್ಲಿ, ಹಡಗು ಮತ್ತೆ ಓಡತೊಡಗಿತು. ಆದರೆ ಬಾಗಿಲು ತೆರೆದದ್ದು ಒಂದೇ ಕಡೆಗೆ. ಫಿನ್ಲೆಂಡಿನವರು ಬರಬಹುದಿತ್ತು; ಎಸ್ಟೋನಿಯದ ಸಾಮಾನ್ಯ ಜನ ಹೋಗುವಂತಿರಲಿಲ್ಲ. ಅವರು ಆಚೆ ದಡವನ್ನು ಕಂಡದ್ದು, ಟ್ಯಾಲಿನ್ನಿನವರೆಗೂ ಹಿಡಿಯುತ್ತಿದ್ದ ಫಿನ್ಲೆಂಡಿನ ಟೆಲಿವಿಷನ್ನಿನಲ್ಲಿ.

ಬಂದ ಪ್ರವಾಸಿಗಳನ್ನು ಇರಿಸಲು 1972ರಲ್ಲಿ ವಿರು ಎಂಬ ಎತ್ತರದ ಹೋಟೆಲು ತೆರೆಯಿತು. ಕಟ್ಟಿದ್ದು ಫಿನ್ಲೆಂಡಿನ ಕಂಪನಿ. ಅದರ 23ನೇ ಅಂತಸ್ತಿನಲ್ಲಿ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿ ಕುಳಿತು ಅತಿಥಿಗಳ ಮಾತುಗಳನ್ನು ಕದ್ದು ಕೇಳುತ್ತಿತ್ತು. ಆ ಕೋಣೆ ಈಗ ವಸ್ತುಸಂಗ್ರಹಾಲಯ; 2011ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆಯಲಾಯಿತು. 1980ರ ಮಾಸ್ಕೊ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಳು ನಡೆದದ್ದು ಟ್ಯಾಲಿನ್ನಿನಲ್ಲಿ. ಆ ವರ್ಷ ಕಟ್ಟಿದ ಲಿನ್ನಾಹಾಲ್ ಎಂಬ ಬೃಹತ್ ಸಭಾಂಗಣ ಬಂದರಿನ ಪಕ್ಕದಲ್ಲೇ ಇದೆ. ಅದೇ ವರ್ಷ ಈ ಹಾದಿಗೆ ಬಂದ ಹಡಗಿಗೆ ಎಸ್ಟೋನಿಯದ ಜನಪ್ರಿಯ ಗಾಯಕ ಗಿಯೋರ್ಗ್ ಓಟ್ಸ್ ಅವರ ಹೆಸರಿಟ್ಟಿದ್ದರು. 1986ರಲ್ಲಿ ರೇಕ್ಯವಿಕ್‌ನಲ್ಲಿ ರೇಗನ್ ಅವರನ್ನು ಭೇಟಿಯಾಗಲು ಹೋದ ಗೊರ್ಬಚೆವ್ ತಂಗಿದ್ದು ಇದೇ ಹಡಗಿನಲ್ಲಿ!

1991ರ ಆಗಸ್ಟ್ 20ರಂದು ಎಸ್ಟೋನಿಯ ಮತ್ತೆ ಸ್ವತಂತ್ರವಾಯಿತು. 2004ರಲ್ಲಿ ಯುರೋಪಿಯನ್ ಒಕ್ಕೂಟ, 2007ರಲ್ಲಿ ಶೆಂಗೆನ್, 2011ರಲ್ಲಿ ಯೂರೊ. ಇಂದು ಹೆಲ್ಸಿಂಕಿಯಲ್ಲಿ ದುಡಿದು ವಾರಾಂತ್ಯಕ್ಕೆ ಟ್ಯಾಲಿನ್ನಿನ ಮನೆಗೆ ಮರಳುವ ಕೆಲಸಗಾರರು ಅನೇಕ. ನೀವು ಎರಡು ಗಂಟೆಯಲ್ಲಿ ದಾಟುವ ನೀರಿಗಾಗಿ ಒಂದು ತಲೆಮಾರು ಕಾದಿತ್ತು.

ಎಸ್ಟೋನಿಯ ಹಡಗಿನ ರಾತ್ರಿ

ಟಿಕೆಟ್ಟು ಕಾದಿರಿಸುವಾಗ ಪ್ರತಿಯೊಬ್ಬರ ಹೆಸರು, ವಯಸ್ಸಿನ ವಿವರ ಏಕೆ ಕೇಳುತ್ತಾರೆ ಎಂದು ಕೆಲವರು ಗೊಣಗುವುದುಂಟು. ಅದರ ಹಿಂದೆಯೂ ಒಂದು ಕತೆಯಿದೆ.

1994ರ ಸೆಪ್ಟೆಂಬರ್ 27ರ ಸಂಜೆ 'ಎಸ್ಟೋನಿಯ' ಎಂಬ ಫೆರಿ ಟ್ಯಾಲಿನ್ನಿನಿಂದ ಸ್ಟಾಕ್‌ಹೋಮ್‌ಗೆ ಹೊರಟಿತು. ಒಳಗೆ 989 ಜನ. ಬಿರುಗಾಳಿಯ ರಾತ್ರಿ. ನಡುರಾತ್ರಿ ಒಂದು ಗಂಟೆಯ ಸುಮಾರಿಗೆ ಅಲೆಗಳ ಹೊಡೆತಕ್ಕೆ ಹಡಗಿನ ಮೂತಿಯ ಕವಚದ ಬೀಗಗಳು ಮುರಿದವು. ಕವಚ ಕಳಚಿ ಬೀಳುವಾಗ, ವಾಹನಗಳನ್ನು ಒಳಬಿಡುವ ಬಾಗಿಲನ್ನೂ ಎಳೆದು ತೆರೆಯಿತು. ಕಡಲು ನೇರವಾಗಿ ಕಾರುಗಳ ಅಂತಸ್ತಿಗೆ ನುಗ್ಗಿತು. ಒಂದು ಗಂಟೆಯೊಳಗೆ ಹಡಗು ಮುಳುಗಿಹೋಯಿತು. 852 ಜನ ಸತ್ತರು, ಬದುಕುಳಿದವರು 137.

ಇಷ್ಟು ದೊಡ್ಡ ಹಡಗು ಅಷ್ಟು ಬೇಗ ಹೇಗೆ ಮುಳುಗಿತು? ಅಗಲವಾದ ಹರಿವಾಣದಲ್ಲಿ ಬೆರಳು ದಪ್ಪ ನೀರು ಹಾಕಿ ಎತ್ತಿಕೊಂಡು ನಡೆದು ನೋಡಿ. ಸ್ವಲ್ಪ ವಾಲಿದರೂ ನೀರೆಲ್ಲ ಒಂದೇ ಕಡೆಗೆ ಓಡಿ ಹರಿವಾಣವನ್ನು ಇನ್ನಷ್ಟು ವಾಲಿಸುತ್ತದೆ. ವಾಹನಗಳು ಸರಾಗವಾಗಿ ಹೋಗಿ ಬರಲೆಂದು ಫೆರಿಯ ಕಾರುಗಳ ಅಂತಸ್ತನ್ನು ಅಡ್ಡಗೋಡೆಗಳಿಲ್ಲದೆ ಉದ್ದಕ್ಕೂ ಬಯಲಾಗಿ ಬಿಟ್ಟಿರುತ್ತಾರೆ. ಅದೇ ಅದರ ಅನುಕೂಲ, ಅದೇ ಅದರ ಅಪಾಯ. 1987ರಲ್ಲಿ ಬೆಲ್ಜಿಯಂನ ಜೀಬ್ರುಗ್ಗ ಬಂದರಿನ ಹೊರಗೆ ಬ್ರಿಟಿಷ್ ಫೆರಿಯೊಂದು ಮೂತಿಯ ಬಾಗಿಲು ಮುಚ್ಚದೆಯೇ ಹೊರಟು ಮಗುಚಿದಾಗ 193 ಜನ ಸತ್ತಿದ್ದರು. ಆ ಪಾಠ ಪೂರ್ತಿ ಕಲಿಯುವ ಮೊದಲೇ ಎಸ್ಟೋನಿಯ ಮುಳುಗಿತು.

ಅನಂತರ ನಿಯಮಗಳು ಬಿಗಿಯಾದವು. ಕಾರುಗಳ ಅಂತಸ್ತಿನಲ್ಲಿ ಅರ್ಧ ಮೀಟರಿನವರೆಗೆ ನೀರು ನಿಂತರೂ ಹಡಗು ಮಗುಚಬಾರದೆಂದು 1996ರ ಸ್ಟಾಕ್‌ಹೋಮ್ ಒಪ್ಪಂದ ವಿಧಿಸಿತು. ಹಡಗಿನಲ್ಲಿ ಯಾರು ಯಾರಿದ್ದಾರೆಂಬ ಪಟ್ಟಿ ದಡದಲ್ಲಿ ಇರಬೇಕೆಂದು 1998ರಲ್ಲಿ ಯುರೋಪಿಯನ್ ಒಕ್ಕೂಟ ಕಾನೂನು ಮಾಡಿತು. ನಿಮ್ಮ ಹೆಸರು ಕೇಳುವುದು ಅದಕ್ಕೆ. ದುರಂತದ ಬಗೆಗಿನ ಸಂಶಯಗಳು ಮಾತ್ರ ಬೇಗ ಅಡಗಲಿಲ್ಲ. ಹಡಗಿನ ಒಡಲಿನಲ್ಲಿ ರಂಧ್ರವಿರುವುದನ್ನು 2020ರಲ್ಲಿ ಸಾಕ್ಷ್ಯಚಿತ್ರವೊಂದು ತೋರಿಸಿದ ಮೇಲೆ ಮರುಪರಿಶೀಲನೆ ನಡೆಯಿತು. ಸ್ಫೋಟದ ಅಥವಾ ಇನ್ನೊಂದು ಹಡಗು ಬಡಿದ ಕುರುಹು ಸಿಕ್ಕಿಲ್ಲವೆಂದು 2023ರ ಮಧ್ಯಂತರ ವರದಿ ಹೇಳಿತು.

ಆದ್ದರಿಂದ ಹಡಗು ಹತ್ತಿದೊಡನೆ ಊಟದ ಮನೆ ಹುಡುಕುವ ಮೊದಲು, ನಿಮ್ಮ ಕೋಣೆಯಿಂದ ಮೇಲಿನ ಅಟ್ಟಕ್ಕೆ ಹೋಗುವ ಮೆಟ್ಟಿಲು ಯಾವ ಕಡೆ ಎಂದು ಒಮ್ಮೆ ನಡೆದು ನೋಡಿಕೊಳ್ಳಿ. ಹೆದರಿಕೆಯಿಂದಲ್ಲ, ಹೊಸ ಊರಿನಲ್ಲಿ ಬಸ್ ನಿಲ್ದಾಣ ಎಲ್ಲಿದೆ ಎಂದು ನೋಡಿಕೊಳ್ಳುವ ಹಾಗೆ.

ಎರಡು ಹಗಲು, ಒಂದು ರಾತ್ರಿ

ಟ್ಯಾಲಿನ್ನಿಗೆ ಬೆಳಿಗ್ಗೆ ಬಂದು ಸಂಜೆ ಮರಳುವವರೇ ಹೆಚ್ಚು. ಸಾಧ್ಯವಾದರೆ ಒಂದು ರಾತ್ರಿ ಉಳಿಯಿರಿ. ಹಗಲಿನ ಗುಂಪು ಹಡಗು ಹತ್ತಿದ ಮೇಲೆ ಕಲ್ಲು ಹಾಸಿದ ಆ ಬೀದಿಗಳು ಊರಿನವರ ಪಾಲಿಗೆ ಉಳಿಯುತ್ತವೆ. ಜೂನ್, ಜುಲೈಗಳಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ.

ಮಧ್ಯಯುಗದಲ್ಲಿ ಇದು ಹಾನ್ಸಾ ವರ್ತಕರ ಒಕ್ಕೂಟದ ನಗರ. ಉಪ್ಪು, ಬಟ್ಟೆ, ತುಪ್ಪಳು ಚರ್ಮ, ಮೇಣಗಳು ಇಲ್ಲಿಂದ ಹಾದು ಹೋಗುತ್ತಿದ್ದವು. ಆ ಕಾಲದ ಕೋಟೆಗೋಡೆ, ಬುರುಜುಗಳು ಇನ್ನೂ ಬಹುಪಾಲು ನಿಂತಿರುವುದರಿಂದ 1997ರಲ್ಲಿ ಹಳೆಯ ನಗರವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪುರಭವನ 1404ರದು. ಅದರ ಎದುರಿನ ಔಷಧಿ ಅಂಗಡಿಯ ಉಲ್ಲೇಖ 1422ರ ದಾಖಲೆಯಲ್ಲೇ ಸಿಗುತ್ತದೆ. ಅಂಗಡಿ ಇಂದಿಗೂ ಅದೇ ಜಾಗದಲ್ಲಿದೆ. ಟೂಂಪಿಯ ಗುಡ್ಡವೇರಿದರೆ ಕೆಂಪು ಹೆಂಚಿನ ಮಾಡುಗಳ ಆಚೆ ಕಡಲು, ಕಡಲಿನಲ್ಲಿ ನೀವು ಬಂದ ಹಡಗು ಕಾಣುತ್ತದೆ.

ಎರಡನೆಯ ದಿನ ತೀರದ ಉದ್ದಕ್ಕೆ ನಡೆದು ಸಮುದ್ರವಿಮಾನಗಳ ಹಳೆಯ ಬಂದರಿಗೆ ಹೋಗಬಹುದು. ಮೊದಲ ಮಹಾಯುದ್ಧದ ಹೊತ್ತಿಗೆ ಕಟ್ಟಿದ ಕಾಂಕ್ರೀಟ್ ಗುಮ್ಮಟಗಳ ಕೆಳಗೆ 2012ರಿಂದ ನೌಕಾ ವಸ್ತುಸಂಗ್ರಹಾಲಯವಿದೆ. 1936ರಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ 'ಲೆಂಬಿತ್' ಜಲಾಂತರ್ಗಾಮಿಯ ಒಳಗೆ ಮಕ್ಕಳು ತೂರಿ ಬರಬಹುದು. ದಾರಿಯಲ್ಲಿ ಕಲಮಯ ಬಡಾವಣೆಯ ಮರದ ಮನೆಗಳು. ಊಟಕ್ಕೆ ರೈ ಧಾನ್ಯದ ಕಪ್ಪು ಬ್ರೆಡ್ಡು ಇಲ್ಲಿನ ನಿತ್ಯದ ಆಹಾರ. ಅದರ ಮೇಲೆ ಪುಟ್ಟ ಮೀನು ಇಟ್ಟು ತಿನ್ನುವುದು ರೂಢಿ. ಸಸ್ಯಾಹಾರಿಗಳಿಗೆ ಆಲೂಗೆಡ್ಡೆ, ಅಣಬೆ, ಗಿಣ್ಣು, ಬೆಣ್ಣೆ ಸಿಗುತ್ತವೆ.

ಹಿಂದಿರುಗುವಾಗ ಆತುರಪಡಬೇಡಿ. ಹಳೆಯ ನಗರದಿಂದ ಬಂದರಿಗೆ ಹೋಗುವವರು 'ದಪ್ಪ ಮಾರ್ಗರೆಟ್' ಎಂಬ ಗುಂಡನೆಯ ಬುರುಜಿನ ಪಕ್ಕದ ಕೋಟೆ ಬಾಗಿಲಿನಿಂದ ಹೊರಬರುತ್ತಾರೆ. ಅಲ್ಲಿ ಹುಲ್ಲಿನ ಮೇಲೆ ಲೋಹದ ಕಮಾನೊಂದಿದೆ. ನಡುವೆ ಮುರಿದ ಕಮಾನು. ಎರಡು ತುದಿಗಳು ಒಂದನ್ನೊಂದು ಮುಟ್ಟುವುದಿಲ್ಲ. 'ತುಂಡಾದ ರೇಖೆ' ಎಂದು ಅದರ ಹೆಸರು. ಎಸ್ಟೋನಿಯ ಹಡಗಿನಲ್ಲಿ ಸತ್ತವರ ನೆನಪಿಗೆ 1996ರಲ್ಲಿ ನಿಲ್ಲಿಸಿದ್ದು. ಟಿಕೆಟ್ಟು ಕೈಯಲ್ಲಿ ಹಿಡಿದು ಹಡಗಿನತ್ತ ಧಾವಿಸುವ ಜನ ದಿನವೂ ಅದರ ಮುಂದೆ ಹಾದುಹೋಗುತ್ತಾರೆ. ಒಂದು ನಿಮಿಷ ನಿಂತು ನೋಡಿ, ಆಮೇಲೆ ಹೋಗಿ ಹಡಗು ಹತ್ತಿ.